ಬೀದರಿನ ಚಳಿ ಬೇರೆ, ಹೊನ್ನಾವರದ ಚಳಿ ಬೇರೆ

“ರಾಜ್ಯದಲ್ಲಿ ಕೊರೆಯುವ ಚಳಿ, ಇನ್ನೂ ಎರಡು ದಿನ ಶೀತಗಾಳಿ.” ಧನುರ್ಮಾಸ ಕಾಲಿಟ್ಟಿತೆಂದರೆ ಸಾಕು, ರೇಡಿಯೋ, ಟಿ.ವಿ., ಮೊಬೈಲು ಎಲ್ಲದರ ಬಾಯಲ್ಲೂ ಇದೇ ಮಾತು. ಇದನ್ನು ಕೇಳಿ ಭಟ್ಕಳದ ಅಂಗಡಿಕಾರ ಇನ್ನೊಂದು ಕಟ್ಟು ರಗ್ಗು ತರಿಸಲೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತಾನೆ. ಕುಮಟಾದಲ್ಲಿ ಮೊದಲ ಬಸ್ಸಿಗೆ ನಿಂತವನು ಮಫ್ಲರು ಬಿಗಿದುಕೊಳ್ಳುತ್ತಾನೆ. ಮಂಕಿಯಲ್ಲಿ ಬಸ್ಸು ಹತ್ತುವವರ ತಲೆಯ ಮೇಲೂ ಮಂಕಿ ಟೋಪಿ! ಅದೇ ಜನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸ್ವೆಟರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ, “ಇದೆಂಥ ಚಳಿಗಾಲ ಮಾರಾಯ್ರೇ, ಬೆವರು ಸುರೀತದೆ” ಎನ್ನುತ್ತಾರೆ.

ಹಾಗಾದರೆ ರೇಡಿಯೋ ಸುಳ್ಳು ಹೇಳಿತೆ? ಇಲ್ಲ. ಅದು ಹೇಳಿದ್ದು ಬೀದರ, ಕಲಬುರಗಿ, ವಿಜಯಪುರದ ಕಡೆಯ ಚಳಿ. ನಮ್ಮದಲ್ಲ. ಹಾಗೆಂದು ನಮಗೆ ಚಳಿಯೇ ಇಲ್ಲವೆ? ಇದೆ. ಆದರೆ ಅದರ ಅಳತೆ ಬೇರೆ, ಅದು ಬರುವ ದಾರಿ ಬೇರೆ, ಕೊಡುವ ಉಪದ್ರವವೂ ಬೇರೆ. ನಮ್ಮ ಚಳಿಯನ್ನು ನಮ್ಮ ಊರಿನ ಅಳತೆಗೋಲಿನಲ್ಲೇ ನೋಡಬೇಕು. ಆ ಅಳತೆ ದಿನವೂ ಜನರ ಕಣ್ಣಿಗೆ ಬೀಳಬೇಕು. ನಮ್ಮ ವಾದ ಇಷ್ಟೇ.

ಮುನ್ನೋಟ ಪಂಚಾಂಗವಲ್ಲ

ಮೊದಲು ಈ ‘ಮುನ್ನೋಟ’ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ಚಳಿಗಾಲ ಶುರುವಾಗುವ ಹೊತ್ತಿಗೆ, ಡಿಸೆಂಬರಿನಿಂದ ಫೆಬ್ರವರಿವರೆಗಿನ ಮೂರು ತಿಂಗಳ ಮುನ್ನೋಟ ಹೊರಡಿಸುತ್ತದೆ. 2025ರ ಡಿಸೆಂಬರ್ 1ರಂದು ಹೊರಟದ್ದನ್ನೇ ತೆಗೆದುಕೊಳ್ಳಿ. ಮಧ್ಯ ಭಾರತ, ಅದಕ್ಕೆ ತಾಗಿಕೊಂಡ ವಾಯವ್ಯ ಭಾರತ ಮತ್ತು ದಕ್ಷಿಣ ಪರ್ಯಾಯ ದ್ವೀಪದ ಭಾಗಗಳಲ್ಲಿ ರಾತ್ರಿಯ ಉಷ್ಣಾಂಶ ವಾಡಿಕೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಇರುವ ಸಂಭವ ಹೆಚ್ಚು ಎಂದು ಅದರಲ್ಲಿತ್ತು. ಕೇಳಿದೊಡನೆ ಹಲವರು “ಈ ಸಲ ಭಾರಿ ಚಳಿಯಂತೆ” ಎಂದು ಊರೆಲ್ಲ ಸಾರಿಬಿಟ್ಟರು.

ಇಲಾಖೆ ‘ಸಂಭವ’ ಎಂದಿತೇ ಹೊರತು ‘ಖಂಡಿತ’ ಎನ್ನಲಿಲ್ಲ. ಅದರ ಲೆಕ್ಕ ಹೀಗಿದೆ: ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂಬ ಮೂರು ಪಾಲು. ಯಾವ ಸುಳಿವೂ ಇಲ್ಲದಿದ್ದರೆ ಒಂದೊಂದಕ್ಕೂ ನೂರರಲ್ಲಿ 33 ಸಂಭವ. ಸಮುದ್ರದ ಬಿಸಿ, ಗಾಳಿಯ ದಿಕ್ಕು ಇತ್ಯಾದಿ ನೋಡಿ ತಕ್ಕಡಿ ಯಾವ ಕಡೆ ವಾಲೀತು ಎಂದು ಇಲಾಖೆ ಹೇಳುತ್ತದೆ. ಅದೂ ದೊಡ್ಡ ಸೀಮೆಗೆ, ಮೂರು ತಿಂಗಳ ಸರಾಸರಿಗೆ. ಬರುವ ಮಂಗಳವಾರ ಶಿರಾಲಿಯಲ್ಲಿ ಎಷ್ಟು ಚಳಿ ಎಂದು ಅದರಿಂದ ತಿಳಿಯುವುದಿಲ್ಲ. ವ್ಯಾಪಾರಿಗಳಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಇದು ಸೀಜನ್ನಿನ ಅಂದಾಜೇ ಹೊರತು ದಿನದ ಗಿರಾಕಿಯ ಲೆಕ್ಕವಲ್ಲ. ರಗ್ಗಿನ ಕಟ್ಟು ತರಿಸಲು ಒಂದಿಷ್ಟು ಉಪಯೋಗಕ್ಕೆ ಬಂದೀತು. ನಾಳೆ ಬೆಳಿಗ್ಗೆ ಅಜ್ಜನನ್ನು ವಾಕಿಂಗಿಗೆ ಕಳಿಸಲೋ ಬೇಡವೋ ಎಂಬುದಕ್ಕೆ ಬಾರದು. ಅದಕ್ಕೆ ನಾಲ್ಕೈದು ದಿನದ ಮುನ್ಸೂಚನೆ ನೋಡಬೇಕು. ಅದಕ್ಕಿಂತ ಮೊದಲು ನಮ್ಮೂರಿನ ಇವತ್ತಿನ ಅಳತೆ ನೋಡಬೇಕು.

ಹದಿನೈದರ ಲೆಕ್ಕ

ಶೀತಗಾಳಿ ಎಂದು ಕರೆಯಲು ಇಲಾಖೆಯಲ್ಲಿ ಕಾಯಿದೆ ಇದೆ. ಬಯಲುಸೀಮೆಯ ಊರಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗೆ ಬರಬೇಕು, ಮತ್ತು ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. 4 ಡಿಗ್ರಿಗೇ ಇಳಿದುಬಿಟ್ಟರೆ ವಾಡಿಕೆಯನ್ನು ನೋಡುವ ಗೋಜೇ ಇಲ್ಲ, ಅದು ಶೀತಗಾಳಿಯೇ. ಗುಡ್ಡಗಾಡಿಗೆ ಮಿತಿ ಸೊನ್ನೆ ಡಿಗ್ರಿ.

ಕರಾವಳಿಗೆ ಇದೇ ಲೆಕ್ಕ ಹಿಡಿದರೆ ನೂರು ವರ್ಷ ಕಾದರೂ ಶೀತಗಾಳಿ ಬರುವುದು ಕಷ್ಟ. ಆದ್ದರಿಂದ ಕಡಲ ದಂಡೆಯ ಊರುಗಳಿಗೆ ಬೇರೆಯೇ ಮಿತಿ ಇಟ್ಟಿದ್ದಾರೆ. ಕನಿಷ್ಠ ಉಷ್ಣಾಂಶ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯೋ ಇನ್ನೂ ಹೆಚ್ಚೋ ಇಳಿದಿದ್ದರೆ ಇಲ್ಲಿಯೂ ಶೀತಗಾಳಿ ಎನ್ನಬಹುದು. ಹೊನ್ನಾವರದಲ್ಲಿ ಜನವರಿ ತಿಂಗಳ ಬೆಳಗಿನ ವಾಡಿಕೆ ಸುಮಾರು 20 ಡಿಗ್ರಿ. ಇಪ್ಪತ್ತರಲ್ಲಿ ನಾಲ್ಕೂವರೆ ಕಳೆದರೆ ಹದಿನೈದೂವರೆ. ಹದಿನೈದಕ್ಕೆ ಬಂತೆಂದರೆ ನಮ್ಮ ಪಾಲಿಗೆ ಅದು ಶೀತಗಾಳಿ.

“15 ಡಿಗ್ರಿ ಒಂದು ಚಳಿಯೇ?” ಎಂದು ಬೀದರಿನವರು ನಕ್ಕಾರು. ನಗಲಿ. ಅವರ ಮನೆಯ ಗೋಡೆ ದಪ್ಪ, ಕಂಬಳಿ ದಪ್ಪ, ಮೈಯೂ ಒಗ್ಗಿದೆ. ನಮ್ಮ ಮನೆಗಳು ಗಾಳಿ ಆಡಲೆಂದೇ ಕಟ್ಟಿದವು: ಮಳೆಗಾಲದ ತೇವ ಆರಲಿ, ಬೇಸಿಗೆಯ ಸೆಕೆ ಹೋಗಲಿ ಎಂದು. ಹಂಚಿನ ಸಂದಿಯಿಂದ ಇಳಿಯುವ ಗಾಳಿಗೆ ಬಾಗಿಲು ಹಾಕುವುದು ಹೇಗೆ? ಹೊದೆಯಲು ಇರುವುದು ಒಂದು ಹಳೆ ಚಾದರ. ವರ್ಷದ ಹತ್ತು ತಿಂಗಳು ಬೆವರುವ ಮೈಗೆ 15 ಡಿಗ್ರಿ ಎಂದರೆ ಚಳಿಯೇ ಸರಿ. ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ.

ಇಲ್ಲಿ ಇನ್ನೊಂದು ತೊಡಕಿದೆ. ಇಲಾಖೆಯ ವಿಂಗಡಣೆಯಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆ ‘ಕರಾವಳಿ ಕರ್ನಾಟಕ’ಕ್ಕೆ ಸೇರಿದೆ. ಆದರೆ ನಮ್ಮ ಜಿಲ್ಲೆಯಲ್ಲಿ ಕಡಲು ಕಾಣುವ ತಾಲೂಕುಗಳು ಐದೇ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಶಿರಸಿ, ಸಿದ್ದಾಪುರದವರು ಘಟ್ಟದ ಮೇಲೆ ಬೆಂಕಿ ಕಾಯಿಸುತ್ತ ಕೂತಿರುತ್ತಾರೆ. ಅವರದ್ದೂ ಕಾಗದದಲ್ಲಿ ಕರಾವಳಿಯೇ! ಹಾಗಾಗಿ “ಉತ್ತರ ಕನ್ನಡದಲ್ಲಿ ಚಳಿ ಹೆಚ್ಚಲಿದೆ” ಎಂದರೆ ಅದು ಮುಂಡಗೋಡಕ್ಕೋ ಮುರುಡೇಶ್ವರಕ್ಕೋ ಎಂದು ಕೇಳುವವನು ಊಹಿಸಿಕೊಳ್ಳಬೇಕು.

ಘಟ್ಟದ ಗಾಳಿ, ಕಡಲ ಗಾಳಿ

ಬೆಳಿಗ್ಗೆ ನಡುಕ, ಮಧ್ಯಾಹ್ನ ಬೆವರು. ಈ ಎರಡು ಮುಖದ ಚಳಿಗಾಲ ನಮ್ಮಲ್ಲಿ ಯಾಕೆ?

ಚಳಿಗಾಲದಲ್ಲೂ ನಮ್ಮ ಅರಬ್ಬೀ ಸಮುದ್ರದ ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ. ಕಡಲ ದಂಡೆಯವರಿಗೆ ಅದೇ ಒಲೆ. ಆದರೆ ರಾತ್ರಿ ಆಕಾಶ ಶುಭ್ರವಾಗಿ, ಗಾಳಿಯಲ್ಲಿ ತೇವ ಇಲ್ಲದಿದ್ದಾಗ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ಗುಡ್ಡದಿಂದ ಜಾರಿ ಕಣಿವೆಯಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಕಾಸರಕೋಡಿನ ಟೊಂಕದಲ್ಲಿ ಇರುವಷ್ಟೇ ಚಳಿ ಗೇರುಸೊಪ್ಪೆಯಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಭಟ್ಕಳದ ಹಾಡುವಳ್ಳಿ, ಮಾರುಕೇರಿ, ಕುಮಟಾದ ಸಂತೆಗುಳಿ, ಕತಗಾಲದ ಕಡೆಯಿಂದ ಪೇಟೆಗೆ ಬರುವವರು “ನಮ್ಮಲ್ಲಿ ಇನ್ನೂ ಜಾಸ್ತಿ ಮಾರಾಯ್ರೇ” ಎನ್ನುವುದು ಬರೀ ಮಾತಲ್ಲ.

ಹೊತ್ತೇರಿದ ಮೇಲೆ ಕಥೆ ತಿರುಗುತ್ತದೆ. ಪೂರ್ವದಿಂದ ಬೀಸುವ ಗಾಳಿ ಘಟ್ಟ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ: ಪ್ರತಿ 100 ಮೀಟರ್ ಇಳಿತಕ್ಕೆ ಸುಮಾರು 1 ಡಿಗ್ರಿ. ಶಿರಸಿಯ ಎತ್ತರ ಸುಮಾರು 600 ಮೀಟರ್. ಅಲ್ಲಿಂದ ಕುಮಟಾಕ್ಕೆ ಇಳಿದ ಗಾಳಿ ದಾರಿಯಲ್ಲೇ ಆರು ಡಿಗ್ರಿ ಬಿಸಿಯಾಗಿ, ಒಣಗಿ ಬಂದಿರುತ್ತದೆ. ಈ ಗಾಳಿ ಜೋರಾಗಿದ್ದ ದಿನ ಕಡಲ ತಂಗಾಳಿ ಒಳಗೆ ಬರಲು ತಡವಾಗುತ್ತದೆ. ಆಗಲೇ ಹೊನ್ನಾವರ, ಕಾರವಾರದಲ್ಲಿ ಡಿಸೆಂಬರ್–ಜನವರಿಯಲ್ಲೂ 35 ಡಿಗ್ರಿ ಬಿಸಿಲು ಕಾಯುವುದು. ಬೀದರಿನಲ್ಲಿ ರಾಜ್ಯದ ಕಡಿಮೆ ಉಷ್ಣಾಂಶ ಎಂದು ಸುದ್ದಿಯಾಗುವ ದಿನವೇ ರಾಜ್ಯದ ಅತಿ ಹೆಚ್ಚು ಉಷ್ಣಾಂಶ ನಮ್ಮ ಕರಾವಳಿಯದ್ದಾಗುವುದೂ ಉಂಟು. ಆದರೆ ಈ ಎರಡನೆಯ ಸುದ್ದಿ ಯಾರ ಕಿವಿಗೂ ಬೀಳುವುದಿಲ್ಲ.

ಹೀಗೆ ಆರೇಳು ತಾಸಿನಲ್ಲಿ ಹದಿನೈದು ಡಿಗ್ರಿಗೂ ಮಿಕ್ಕಿ ಏರುವ ಈ ಏರಿಳಿತವೇ ನಮ್ಮ ಚಳಿಗಾಲದ ನಿಜವಾದ ಉಪದ್ರವ. ಮನೆಯಲ್ಲಿ ಒಬ್ಬರಿಗೆ ಶೀತ, ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಹಿಮ್ಮಡಿ ಒಡೆತ.

ಚಳಿ ಹೊಡೆಯುವುದು ಯಾರಿಗೆ?

ಎಂಟು ಗಂಟೆಗೆ ಏಳುವವರಿಗೆ ಈ ಚಳಿಯ ಸುದ್ದಿಯೇ ತಿಳಿಯದು. ತಿಳಿಯುವುದು ನಸುಕಿನಲ್ಲಿ ಎದ್ದು ದುಡಿಯುವವರಿಗೆ. ಬಂದರಿನಲ್ಲಿ ಮೀನಿನ ಬುಟ್ಟಿಗೆ ಕಾದು ಕೂತ ಹೆಂಗಸರು, ತರಕಾರಿ ಹೊತ್ತು ಮೊದಲ ಬಸ್ಸಿಗೆ ಬರುವ ಹಾಲಕ್ಕಿ ಹೆಂಗಸರು, ಹಾಲು–ಪೇಪರು ಹಂಚುವ ಹುಡುಗರು, ಚಾ ಅಂಗಡಿಯ ಒಲೆ ಹೊತ್ತಿಸುವವರು, ಪೇಟೆ ಗುಡಿಸುವ ಪೌರಕಾರ್ಮಿಕರು, ಹಳ್ಳಿಯ ಕೈಕಂಬದ ಬಳಿ ಸೂರಿಲ್ಲದ ಕಡೆ ಬಸ್ಸಿಗೆ ನಿಂತ ಕಾಲೇಜು ಮಕ್ಕಳು. ಅಂಗಡಿ ಜಗಲಿಯ ಮೇಲೆ ರಟ್ಟು ಹಾಸಿ ಮಲಗುವ ದಿಕ್ಕಿಲ್ಲದವರು ಬೇರೆ.

ವಯಸ್ಸಾದವರ ಮಾತಂತೂ ಹೇಳಲೇಬೇಕು. ಚಳಿಗೆ ರಕ್ತನಾಳ ಬಿಗಿಯುತ್ತದೆ, ರಕ್ತದ ಒತ್ತಡ ಏರುತ್ತದೆ. ಹೃದಯದ ಕಾಯಿಲೆ, ದಮ್ಮು ಇದ್ದವರಿಗೆ ನಸುಕಿನ ಹೊತ್ತೇ ಕಷ್ಟದ ಹೊತ್ತು. ಐದು ಗಂಟೆಯ ವಾಕಿಂಗನ್ನು ಏಳಕ್ಕೆ ದೂಡಿದರೆ ಗಂಟೇನೂ ಹೋಗುವುದಿಲ್ಲ. ಮಾತ್ರೆ ಮುಗಿದಿದ್ದರೆ ಸಂತೆಯ ದಿನಕ್ಕೆ ಕಾಯದೆ ತರಿಸಿಕೊಳ್ಳಿ. ಚಳಿಯೆಂದು ನೀರು ಕುಡಿಯುವುದನ್ನು ಬಿಡಬೇಡಿ. ಮಧ್ಯಾಹ್ನದ ಒಣ ಗಾಳಿ ಮೈಯ ನೀರನ್ನು ತಿಳಿಯದ ಹಾಗೆ ಹೀರುತ್ತದೆ.

ಬೆಂಕಿಯ ವಿಚಾರ

ಬೆಳಿಗ್ಗೆ ಅಂಗಡಿ ಮುಂದೆ ಕಸ ಗುಡಿಸಿ ಕಡ್ಡಿ ಗೀರಿ ಸುತ್ತ ನಿಲ್ಲುವುದು ನಮ್ಮ ಪೇಟೆಗಳ ಹಳೇ ಅಭ್ಯಾಸ. ರಟ್ಟು, ಹುಲ್ಲು ಆಗಿದ್ದ ಕಾಲದಲ್ಲಿ ನಡೆದೀತು. ಈಗ ಆ ರಾಶಿಯಲ್ಲಿ ಅರ್ಧ ಪ್ಲಾಸ್ಟಿಕ್ಕು, ಥರ್ಮೋಕೋಲು. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಹೊಗೆ ಮೇಲೆ ಹೋಗದು. ಅದು ಹೋಗುವುದು ಬಸ್ಸಿಗೆ ನಿಂತವನ ಮೂಗಿಗೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬೀದಿಯಲ್ಲಿ ಕಸ ಸುಡಬಾರದೆಂದು ಬರೆಯಲಾಗಿತ್ತು. ಅಂಗಡಿಕಾರ ಬಂಧುಗಳೇ, ಬೆಂಕಿ ಕಾಯಿಸುವುದಾದರೆ ಕಟ್ಟಿಗೆಯಲ್ಲಿ ಕಾಯಿಸಿ. ಪ್ಲಾಸ್ಟಿಕ್ಕನ್ನು ಕಸದ ಗಾಡಿಗೆ ಕೊಡಿ.

ಇದಕ್ಕಿಂತ ಭಯದ್ದು ಕೋಣೆಯೊಳಗಿನ ಕೆಂಡ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಇದ್ದಿಲು ಹೊತ್ತಿಸಿ, ಬಾಗಿಲು ಹಾಕಿ ಮಲಗಿದ ಮೂವರು ಯುವಕರು ಬೆಳಿಗ್ಗೆ ಏಳಲಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ್ದು ಮಲಗಿದವನಿಗೆ ಗೊತ್ತೇ ಆಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಇಡಲೇಬೇಕಾದರೆ ಕಿಟಕಿ ತೆರೆದಿಡಿ. ಮಲಗುವ ಮೊದಲು ಕೆಂಡವನ್ನು ಹೊರಗೆ ಹಾಕಿ. ಒಂದು ರಗ್ಗು ಹೆಚ್ಚು ಹೊದೆದರೆ ಯಾರ ಪ್ರಾಣವೂ ಹೋಗದು.

ದರಕಿಗೆ ಹೋಗುವವರೇ, ಕೇಳಿ

ಚಳಿಗಾಲವೆಂದರೆ ಕಾಡಿನಿಂದ ದರಕು, ಕಟ್ಟಿಗೆ ತರುವ ಕಾಲವೂ ಹೌದು. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಘಟ್ಟದ ಮೇಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಹರಡುವುದು ಉಣುಗಿನಿಂದ, ಅಂದರೆ ಉಣ್ಣಿಯಿಂದ. ಎಳೆಯ ಉಣುಗು ಚುರುಕಾಗುವುದು ಮಳೆ ನಿಂತು ಎಲೆ ಒಣಗಿದ ಮೇಲೆ. 2024ರ ಆರಂಭದಲ್ಲಿ ನಮ್ಮ ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಈ ಕಾಯಿಲೆ ಅನೇಕರನ್ನು ಹಾಸಿಗೆ ಹಿಡಿಸಿತು. ಹೊನ್ನಾವರದ ಕಾಡಂಚಿನ ಊರುಗಳಿಗೂ ಇದು ಹೊಸ ಹೆಸರಲ್ಲ.

ಮೋಸ ಹೋಗುವುದು ಇಲ್ಲಿಯೇ. ಜ್ವರ ಶುರುವಾಗುವುದೇ ನಡುಕದಿಂದ. “ಚಳಿಗೆ ಮೈ ನಡುಗ್ತದೆ, ಒಂದು ಕಷಾಯ ಕುಡಿದು ಮಲಗ್ತೆ” ಎಂದು ದಿನ ಕಳೆಯುತ್ತಾರೆ. ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟ–ಕೈಕಾಲು ಕಡಿತ ಬಂದರೆ ಅದನ್ನು ಹವಾಮಾನದ ತಲೆಗೆ ಕಟ್ಟಬೇಡಿ. ತಡ ಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಿ, “ಕಾಡಿಗೆ ಹೋಗಿದ್ದೆ” ಎಂಬ ಮಾತನ್ನು ಮರೆಯದೆ ಹೇಳಿ. ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ. ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಿರಿ.

ಒಬ್ಬರಿಗೆ ಲಾಭ, ಒಬ್ಬರಿಗೆ ತಲೆನೋವು

ಚಳಿಯಿಂದ ಬರೀ ಕೆಡುಕೇ ಎಂದರೆ ಅನ್ಯಾಯವಾದೀತು. ಮಾವು ಹೂ ಬಿಡಬೇಕಾದರೆ ರಾತ್ರಿಯ ತಂಪು ಬೇಕೇ ಬೇಕು. ಒಣ ಚಳಿ ಇದ್ದರೆ ಹೂ ಚೆನ್ನ. ಮೋಡ ಕವಿದು ಇಬ್ಬನಿ ಸುರಿದರೆ ಬೂದಿರೋಗ, ಜಿಗಿಹುಳು. ಗೇರಿನ ಹೂವಿಗೂ ಮೋಡ ಆಗದು. ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ಮೇಲೆ ಏಳುವ ಸಿಹಿ ಈರುಳ್ಳಿಗೆ ತಂಪು ಹವೆ ಹಿತ. ಆದರೆ ಎಲೆಯ ಮೇಲೆ ಹೊತ್ತೇರಿದರೂ ಇಬ್ಬನಿ ಆರದಿದ್ದರೆ ಮಚ್ಚೆರೋಗದ ಹೆದರಿಕೆ. ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಆ ಈರುಳ್ಳಿಯ ಭವಿಷ್ಯ ಈ ದಿನಗಳಲ್ಲೇ ತೀರ್ಮಾನವಾಗುತ್ತದೆ.

ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ಕೆಲಸ ಶುರುವಾಗುವುದೂ ಈಗಲೇ. ಒಣ ಮೂಡುಗಾಳಿ, ಮಧ್ಯಾಹ್ನದ ಬಿಸಿಲು ಉಪ್ಪಿಗೆ ವರ. ಒಂದು ಅಕಾಲದ ಮಳೆ ಬಿದ್ದರೆ ದುಡಿಮೆ ನೀರುಪಾಲು. ಭಟ್ಕಳ ಮಲ್ಲಿಗೆಯದು ತಿರುಗಾಮುರುಗಾ. ಚಳಿ ಬಿದ್ದರೆ ಮೊಗ್ಗು ಕಡಿಮೆ, ದರ ಮೇಲೆ. ಕೊಳ್ಳುವವ ಹೂವಿನವಳನ್ನು ಬೈಯುತ್ತಾನೆ, ಅವಳು “ಗಿಡಕ್ಕೇ ಚಳಿ ಹತ್ತಿದೆ, ನಾನೇನು ಮಾಡ್ಲಿ ಅಣ್ಣ?” ಎನ್ನುತ್ತಾಳೆ. ಅವಳ ಮಾತು ನಿಜ. ಇಷ್ಟು ಜನರ ಬದುಕು ಒಂದು ರಾತ್ರಿಯ ಉಷ್ಣಾಂಶಕ್ಕೆ ಜೋತುಬಿದ್ದಿರುವಾಗ ಆ ಉಷ್ಣಾಂಶ ಎಷ್ಟೆಂದು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ ಎಂಬುದು ವಿಚಿತ್ರವಲ್ಲವೆ?

ಅಳತೆ ಇದೆ, ಹಲಗೆ ಇಲ್ಲ

ಅಳೆಯುವವರು ಇಲ್ಲವೆಂದಲ್ಲ. ಹವಾಮಾನ ಇಲಾಖೆಯ ವೀಕ್ಷಣಾ ಕೇಂದ್ರ ಹೊನ್ನಾವರದಲ್ಲಿದೆ, ಭಟ್ಕಳ ತಾಲೂಕಿನ ಶಿರಾಲಿಯಲ್ಲಿದೆ. ಬೆಳಿಗ್ಗೆ 8.30ರ ಅಳತೆ ಬೆಂಗಳೂರಿಗೆ ಹೋಗುತ್ತದೆ, ದೇಶದ ನಕಾಶೆಯ ಮೇಲೆ ಚುಕ್ಕೆಯಾಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪಕ ಇಟ್ಟಿದ್ದಾರೆ. ವಿಚಾರಿಸುವವರಿಗೆ ‘ವರುಣಮಿತ್ರ’ ಸಹಾಯವಾಣಿ ಇದೆ. ಇಲಾಖೆಯ ‘ಮೌಸಮ್’ ಆ್ಯಪ್ ಇದೆ. ಆದರೆ ಮೀನಿನ ಬುಟ್ಟಿ ಹೊತ್ತ ಅಮ್ಮ ಆ್ಯಪ್ ತೆರೆದು ನೋಡುತ್ತಾಳೆಯೆ? ನಮ್ಮೂರಿನ ಅಳತೆ ಬೆಂಗಳೂರಿಗೆ ಹೋಗಿ ಬರಬಹುದು, ಒಂದು ಫರ್ಲಾಂಗು ದೂರದ ಬಸ್ ನಿಲ್ದಾಣಕ್ಕೆ ಬರಲಾರದು ಅಂದರೆ ಏನರ್ಥ?

ನಮ್ಮ ಕೇಳಿಕೆ ದೊಡ್ಡದೇನಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಬಸ್ ನಿಲ್ದಾಣಗಳಲ್ಲಿ ಒಂದೊಂದು ಕರಿಹಲಗೆ. ಅದರ ಮೇಲೆ ದಿನವೂ ನಾಲ್ಕು ಸಾಲು: ನಿನ್ನೆಯ ಗರಿಷ್ಠ, ಇಂದಿನ ಕನಿಷ್ಠ, ವಾಡಿಕೆ ಎಷ್ಟು, ಮುಂದಿನ ಮೂರು ದಿನ ಹೇಗೆ. ಭಟ್ಕಳಕ್ಕೆ ಶಿರಾಲಿಯ ಅಳತೆ, ಉಳಿದೆರಡಕ್ಕೆ ಹೊನ್ನಾವರದ್ದು. ಕಾಡಂಚಿನ ಊರುಗಳಿಗೆ ಹೋಬಳಿ ಮಾಪಕದ್ದು. ಖರ್ಚು ಒಂದು ಹಲಗೆ, ಒಂದು ಪೆಟ್ಟಿಗೆ ಸೀಮೆಸುಣ್ಣ. ಬರೆಯಲು ತಹಶೀಲ್ದಾರ ಕಚೇರಿಯಿಂದ ಒಬ್ಬರು, ಐದು ನಿಮಿಷ.

ಉಳಿದವು ಆ ಹಲಗೆಯನ್ನು ನೋಡಿ ಆಗಬೇಕಾದ ಕೆಲಸ. ಕನಿಷ್ಠ ಉಷ್ಣಾಂಶ ಹದಿನೈದರ ಹತ್ತಿರ ಬಂದ ದಿನಗಳಲ್ಲಿ ಸಣ್ಣ ಮಕ್ಕಳ ಶಾಲೆಯನ್ನು ಅರ್ಧ ತಾಸು ತಡವಾಗಿ ತೆರೆಯುವ ಯೋಚನೆ ಮಾಡಲಿ. ಗೇರುಸೊಪ್ಪೆ ಘಟ್ಟ, ದೇವಿಮನೆ ಘಟ್ಟದಲ್ಲಿ ಮಂಜು ಮುಸುಕಿದ್ದರೆ ಚಾಲಕರು ನಿಧಾನ ಬರಲಿ. ಬಸ್ಸು ಹತ್ತು ನಿಮಿಷ ತಡವಾಯಿತೆಂದು ಪ್ರಯಾಣಿಕರು ಕಂಡಕ್ಟರನ ಮೇಲೆ ಹಾರದಿರಲಿ. ಸ್ಥಳೀಯ ಸಂಸ್ಥೆಗಳು ಜಗಲಿಯಲ್ಲಿ ಮಲಗುವವರಿಗೆ ರಾತ್ರಿ ಒಂದು ಸೂರು ತೋರಿಸಲಿ. ರಗ್ಗು ಮಾರಿ ನಾಲ್ಕು ಕಾಸು ಕಂಡ ವ್ಯಾಪಾರಿಗಳು ಮಿಕ್ಕ ಒಂದೆರಡನ್ನು ಅವರಿಗೆ ಹೊದೆಸಿದರೆ ಪುಣ್ಯ ಬೇರೆಲ್ಲೂ ಹುಡುಕಬೇಕಿಲ್ಲ.

“ಎಷ್ಟು ದಿನದ ಚಳಿ? ಶಿವರಾತ್ರಿಗೆ ಶಿವಶಿವಾ ಎಂದು ಹೋಗುತ್ತದೆ. ಅದಕ್ಕೊಂದು ಹಲಗೆ ಯಾಕೆ?” ಎನ್ನುವವರು ಇದ್ದಾರೆ. ಅವರಿಗೆ ಒಂದು ನೆನಪು. 2025ರ ಶಿವರಾತ್ರಿ ಫೆಬ್ರವರಿ 26ಕ್ಕೆ ಬಂತು. ಚಳಿ ಹೋದದ್ದಂತೂ ಹೌದು. ಆದರೆ ಅದೇ ವಾರ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು! ಕರಾವಳಿಗೆ ಬಿಸಿಗಾಳಿಯ ಮಿತಿ 37 ಡಿಗ್ರಿ. ಜನವರಿಯಲ್ಲಿ ಹದಿನೈದನ್ನು ತೋರಿಸುವ ಹಲಗೆಯೇ ಫೆಬ್ರವರಿಯಲ್ಲಿ ಮೂವತ್ತೇಳನ್ನು ತೋರಿಸುತ್ತದೆ. ಜೂನಿನಲ್ಲಿ ಮಳೆಯ ಲೆಕ್ಕ ಬರೆದರೂ ಸೀಮೆಸುಣ್ಣ ಬೇಡವೆನ್ನದು.

ಮೂರು ತಾಲೂಕಿನ ತಹಶೀಲ್ದಾರರು, ಸಾರಿಗೆ ಸಂಸ್ಥೆಯ ಘಟಕದವರು ಒಮ್ಮೆ ಕೂತು ಮಾತನಾಡಿದರೆ ಒಂದು ವಾರದ ಕೆಲಸವಿದು. ಹಲಗೆಯನ್ನು ಯಾವ ಗೋಡೆಗೆ ಹೊಡೆಯುತ್ತೀರಿ, ಯಾವತ್ತು ಹೊಡೆಯುತ್ತೀರಿ ಎಂದು ತಿಳಿಸಿದರೆ ಅದನ್ನೂ ಇದೇ ಅಂಕಣದಲ್ಲಿ ಸಂತೋಷದಿಂದ ಬರೆಯುತ್ತೇವೆ.